ಅಂಗಡಿ ಮುಚ್ಚಿದ ಎರಡು ಗಂಟೆ

ಹೈವೇಯಲ್ಲಿ ಟೈರ್ ಸಿಡಿಯಬಹುದಿತ್ತು. ಕಲಮಜೂ ದಾಟಿದ ಮೇಲೆ ಹಿಮ ಬೀಳಬಹುದಿತ್ತು. ಮಾರ್ಚ್ ತಿಂಗಳನ್ನು ನಂಬುವ ಹಾಗಿಲ್ಲ. ಮಿಷಿಗನ್‌ನಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ ಎಂಬುದನ್ನು ಮರೆತು ನಾನು ತಡವಾಗಿ ತಲುಪಬಹುದಿತ್ತು. ನಾನು ಹೋಗಬೇಕಿದ್ದ ಮನೆಯಲ್ಲಿ ನಾಯಿ ಇರಬಹುದಿತ್ತು. ಶೂ ಬಿಚ್ಚಬೇಕಾಗಿ ಬಂದು ಸಾಕ್ಸಿನ ತೂತು ಕಾಣಬಹುದಿತ್ತು. ಯಾರಾದರೂ ನನ್ನ ತೊದಲುವಿಕೆಯನ್ನು ವಿಡಿಯೊ ಮಾಡಿ, ಹಿಂದೆ ಶೋಕದ ಸಂಗೀತ ಹಾಕಿ ಹರಿಬಿಡಬಹುದಿತ್ತು. "ನೀವೂ ಒಂದು ಆಟ ಆಡಿ" ಎಂದು ಕಂಟ್ರೋಲರನ್ನು ಕೈಗಿಡಬಹುದಿತ್ತು. ಮೂರು ವರ್ಷದಿಂದ ಈ ಹೊಡೆದಾಟದ ವಿಡಿಯೊ ಗೇಮಿನ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿರುವ ನನಗೆ ಅದರಲ್ಲಿ ನೆಟ್ಟಗೆ ಒಂದು ಒದೆತ ಕೊಡಲು ಬರುವುದಿಲ್ಲ. ಲ್ಯಾಪ್‌ಟಾಪ್ ಸರಿಯಾಗಿ ಆ ಹೊತ್ತಿಗೇ ಅಪ್‌ಡೇಟ್ ಆಗಲು ಕೂರಬಹುದಿತ್ತು. ಎಲ್ಲಕ್ಕಿಂತ ದೊಡ್ಡದು, ಡೆಟ್ರಾಯ್ಟ್‌ನ ಆಟಗಾರರು ಅವತ್ತೇ ಆಟ ಬಿಟ್ಟುಬಿಡಬಹುದಿತ್ತು. ಅವರು ಬಿಟ್ಟರೆ ನಮ್ಮ ಕಂಪನಿ ಶಿಕಾಗೋ ಸರ್ವರನ್ನು ಮುಚ್ಚುತ್ತಿತ್ತು. ಶಿಕಾಗೋ ಸರ್ವರ್ ಮುಚ್ಚಿದರೆ ಅದನ್ನು ನೋಡಿಕೊಳ್ಳಲು ಇಟ್ಟುಕೊಂಡಿದ್ದ ನನಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಆರಕ್ಕೆ, ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಗ್ಯಾರೇಜಿನಲ್ಲಿ ನಿಂತು ಇದನ್ನೆಲ್ಲ ಗಂಡನ ಮುಂದೆ ಒಪ್ಪಿಸಿದೆ. ಅವರು ಕಾಫಿ ಲೋಟ ಹಿಡಿದು ಪೂರ್ತಿ ಕೇಳಿದರು.

"ಮನೆಗೆ ಬೆಂಕಿ ಬೀಳೋದನ್ನ ಬಿಟ್ಟಿದ್ದೀಯಲ್ಲ," ಅಂದರು.

ಒಳಗೆ ಹೋಗಿ ಒಲೆ ನೋಡಿಕೊಂಡು ಬಂದೆ.

ನಮ್ಮದು ಆಡಲು ಪುಕ್ಕಟೆಯಾದ ಆಟ. ಡೌನ್‌ಲೋಡ್ ಮಾಡಿಕೊಳ್ಳಲು ಕಾಸು ಕೊಡಬೇಕಿಲ್ಲ. ಆದರೆ ಹೊಸ ಫೈಟರ್, ಅಂದರೆ ಪರದೆಯ ಮೇಲೆ ಹೊಡೆದಾಡುವ ಪಾತ್ರ, ಬೇಕೆಂದರೆ ಒಂದೋ ಎರಡು ತಿಂಗಳು ದಿನಾ ಆಡಿ ಗೆಲ್ಲಬೇಕು, ಇಲ್ಲವೇ ಆಟದ ಒಳಗಿನ ಅಂಗಡಿಗೆ ಹೋಗಿ ಕೊಳ್ಳಬೇಕು. ಬಟ್ಟೆ, ಬಣ್ಣ, ಗೆದ್ದಾಗ ಕುಣಿಯುವ ಭಂಗಿ, ಎಲ್ಲವೂ ಆ ಅಂಗಡಿಯಲ್ಲಿ. ಕಂಪನಿ ಬದುಕಿರುವುದು ಅದರಿಂದ, ನನ್ನ ಸಂಬಳ ಬರುವುದೂ ಅದರಿಂದ. ಹಾಗಾಗಿ ಅದರ ಬಗ್ಗೆ ಮೂಗು ಮುರಿಯುವ ಹಕ್ಕು ನನಗಿಲ್ಲ, ಆದರೂ ಮುರಿಯುತ್ತೇನೆ.

ಎಂಟು ತಿಂಗಳ ಹಿಂದೆ ಬಂದ ದೊಡ್ಡ ಅಪ್‌ಡೇಟಿನ ನಂತರ ದೂರುಗಳು ಹೆಚ್ಚಾಗಿದ್ದವು. ಗುಂಡಿ ಒತ್ತಿದರೆ ಹೊಡೆತ ತಡವಾಗಿ ಬೀಳುತ್ತದೆ, ತಡೆದದ್ದು ತಡೆದಂತೆ ಆಗುವುದಿಲ್ಲ. ಅದರ ಜೊತೆಗೆ ಬೈಗುಳ. ನಾವು ಕಳ್ಳರು, ನಾವು ಕಿವುಡರು, ನಮ್ಮ ಮನೆಯ ಇಂಟರ್‌ನೆಟ್ ಜನ್ಮವಿಡೀ ಹಾಳಾಗಿ ಹೋಗಲಿ. ನಮ್ಮ ಗ್ರಾಫ್‌ಗಳು ಮಾತ್ರ ಹಸಿರಾಗಿದ್ದವು. ಓಕ್ ಬ್ರೂಕ್‌ನ ನಮ್ಮ ಆಫೀಸಿನಲ್ಲಿ ಆಡಿ ನೋಡಿದರೆ ಆಟ ಬೆಣ್ಣೆಯಂತೆ ಸಾಗುತ್ತಿತ್ತು. ಹಾಗಾಗಿ 'ದಯವಿಟ್ಟು ನಿಮ್ಮ ಮನೆಯ ವೈಫೈ ಪರೀಕ್ಷಿಸಿ' ಎಂಬ ಸಿದ್ಧ ಉತ್ತರ ಹೋಗುತ್ತಿತ್ತು. ಹತ್ತು ದಿನ ಯಾರೂ ಮುಟ್ಟದ ದೂರು ತನ್ನಷ್ಟಕ್ಕೆ ಮುಚ್ಚಿಕೊಂಡು, 'ನಿಮ್ಮಿಂದ ಪ್ರತಿಕ್ರಿಯೆ ಬಾರದ ಕಾರಣ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸುತ್ತೇವೆ' ಎಂಬ ಪತ್ರ ಕಳಿಸುತ್ತಿತ್ತು. ಆ ನಿಯಮ ಬರೆದವಳು ನಾನೇ. ದೂರುಗಳ ರಾಶಿ ನೋಡಿ ನನಗೆ ನಿದ್ದೆ ಬರುತ್ತಿರಲಿಲ್ಲ. ನಿಯಮ ಬರೆದ ಮೇಲೆ ರಾಶಿ ಕಾಣಿಸುತ್ತಿರಲಿಲ್ಲ.

ಡೆಟ್ರಾಯ್ಟ್ ಕಡೆಯ ಒಬ್ಬರು ಮಾತ್ರ ಬೈಗುಳದ ಜೊತೆಗೆ ಲೆಕ್ಕವನ್ನೂ ಕಳಿಸುತ್ತಿದ್ದರು. ಅಲ್ಲಿ ಪ್ರತಿ ತಿಂಗಳು ಈ ಆಟದ ಲೀಗ್ ನಡೆಸುವ ಆಯೋಜಕರು ಅವರು. ಯಾವ ಹೊತ್ತು, ಯಾವ ಪಂದ್ಯ, ಎಷ್ಟು ತಡ, ಎಲ್ಲಕ್ಕೂ ಕೋಷ್ಟಕ. ಒಟ್ಟು ಹನ್ನೊಂದು ದೂರು. ಹನ್ನೊಂದೂ ನನ್ನ ನಿಯಮಕ್ಕೆ ಬಲಿಯಾಗಿದ್ದವು. ಕೊನೆಗೆ ಅವರು ಸಾರ್ವಜನಿಕವಾಗಿ ಬರೆದರು: ಮಾರ್ಚ್ ಲೀಗಿನ ದಿನ ಎಲ್ಲರೂ ಸೇರಿ ಮತ ಹಾಕುತ್ತೇವೆ, ಈ ಆಟ ಇಟ್ಟುಕೊಳ್ಳುವುದೋ ಬಿಡುವುದೋ ಎಂದು.

ನಮ್ಮ ಪ್ರೊಡ್ಯೂಸರ್, ಅಂದರೆ ಈ ಆಟಕ್ಕೆ ಯಜಮಾನನಂಥವನು, ಆ ವಾರ ನನ್ನನ್ನು ಕರೆದ. ಶಿಕಾಗೋ ಸರ್ವರ್ ತಿಂಗಳುಗಟ್ಟಲೆ ಖಾಲಿ ಬಿದ್ದಿದೆ, ಈ ಭಾಗದಲ್ಲಿ ನಮ್ಮ ಆಟ ಆಡುವವರೇ ಇಲ್ಲ ಎಂದ. ಇರುವುದು ಡೆಟ್ರಾಯ್ಟ್‌ನ ಆ ಗಲಾಟೆ ಗುಂಪು. ಅವರೂ ಹೋದರೆ ಅದನ್ನು ನಡೆಸಲು ಕಾರಣವಿಲ್ಲ. "ಹೋಗಿ ಸಮಾಧಾನ ಮಾಡು," ಎಂದು ಒಂದು ಲಕೋಟೆ ಕೊಟ್ಟ. ಒಳಗೆ ಕೂಪನ್ ಕೋಡ್‌ಗಳು. ಪ್ರತಿ ಆಟಗಾರನ ಫೈಟರ್‌ಗೂ ಒಂದು ಕೆಂಪು ನಿಲುವಂಗಿ ಉಚಿತ.

ಬರುತ್ತೇನೆಂದು ಆಯೋಜಕರಿಗೆ ಇಂಗ್ಲಿಷಿನಲ್ಲಿ, ತುಂಬಾ ವಿನಯದಿಂದ ಬರೆದೆ. ಉತ್ತರ ಕನ್ನಡದಲ್ಲಿ ಬಂತು: 'ನಿಮ್ಮ ಹೆಸರ ನೋಡಿದ್ರ ತಿಳೀತದ ನೀವು ನಮ್ಮ ಕಡಿಯವರ ಅಂತ. ಬರ್ರಿ. ಊಟಾ ಮಾಡಿಸ್ತೀವಿ. ಆದ್ರ ಬಿಡೂದಿಲ್ಲ.'

ಟೈರ್ ಸಿಡಿಯಲಿಲ್ಲ. ಹಿಮ ಬೀಳಲಿಲ್ಲ. ಅಲ್ಲಿಯ ಗಡಿಯಾರದ ಪ್ರಕಾರ ಹನ್ನೆರಡಕ್ಕೆ ಡೆಟ್ರಾಯ್ಟ್ ಹೊರವಲಯದ ವೆಸ್ಟ್ ಬ್ಲೂಮ್‌ಫೀಲ್ಡ್‌ನ ಬಡಾವಣೆಯಲ್ಲಿದ್ದ ಆಯೋಜಕರ ಮನೆ ತಲುಪಿದೆ. ಬಾಗಿಲಲ್ಲಿ ಶೂಗಳ ಗುಡ್ಡೆ. ಆಯೋಜಕರು ನನ್ನದೇ ವಯಸ್ಸಿನವರು, ನರೆತ ಗಡ್ಡ, ವಿಜಯಪುರದವರು; ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಎಂಜಿನಿಯರ್. ಕೆಟ್ಟ ಮಾಲು ಕಳಿಸಿದವರಿಗೆ ದೂರು ಬರೆಯುವುದೇ ಅವರ ಉದ್ಯೋಗ. ಹನ್ನೊಂದು ಕೋಷ್ಟಕಗಳ ಗುಟ್ಟು ಆಗ ಗೊತ್ತಾಯಿತು.

"ಬರ್ರಿ ಅಕ್ಕಾರ, ಒಳಗ ಬರ್ರಿ. ಬೂಟ್ ಅಲ್ಲೇ ಬಿಡ್ರಿ," ಎಂದರು. ಒಳಗೆ ತಿರುಗಿ, ಹೆಂಡತಿಗೆ ಕೂಗಿ ಹೇಳಿದರು: "ವೈಫೈ ಪರೀಕ್ಷಿಸೋರು ಬಂದಾರ ನೋಡು!"

ಹೆಂಡತಿ ಅಡುಗೆಮನೆಯಿಂದಲೇ, "ಚಾ ಕೊಟ್ಟ ಮ್ಯಾಲ ಬೈರಿ, ಐದ್ ತಾಸು ಡ್ರೈವ್ ಮಾಡ್ಕೊಂಡ ಬಂದಾರ," ಎಂದರು.

ಇಲ್ಲಿ ನಮ್ಮವರ ಮನೆಗಳಲ್ಲಿ ಹುಟ್ಟುಹಬ್ಬ, ಭಜನೆ, ಇಫ್ತಾರ್, ಎಲ್ಲವೂ ಬೇಸ್‌ಮೆಂಟಿನಲ್ಲೇ. ಈ ಬೇಸ್‌ಮೆಂಟಿನಲ್ಲಿ ಲೀಗ್. ಹಳೆಯ ಮಾಲೀಕರು ಕಟ್ಟಿಸಿದ್ದ ಬಾರ್ ಕೌಂಟರಿನ ಹಿಂದೆ ನೀರಿನ ಬಾಟಲಿಗಳ ಕಟ್ಟು, ಮೇಲೆ ಗಿರ್ಮಿಟ್ಟಿನ ದೊಡ್ಡ ಪಾತ್ರೆ. ಕಾಗದದ ತಟ್ಟೆ ಹಿಡಿದು, ಕಾಲುಚೀಲದಲ್ಲಿ ನಿಂತಿದ್ದ ಹದಿನಾರು ಜನ: ಟ್ರಕ್ ಓಡಿಸುವವರು, ನರ್ಸು, ಕ್ಷೌರದಂಗಡಿಯವರು. ನಾನು ಯಾರೆಂದು ಆಯೋಜಕರು ಹೇಳಿದ ತಕ್ಷಣ ಮಂಡಕ್ಕಿ ಅಗಿಯುವ ಸದ್ದು ನಿಂತಿತು. ಆಮೇಲೆ ಒಬ್ಬ 'ಬೂ' ಎಂದ. ಉಳಿದವರು ಅವನನ್ನು ಒಂಟಿಯಾಗಿ ಬಿಡಲಿಲ್ಲ.

ನಾನು ಲಕೋಟೆ ತೆಗೆದೆ. ಕೆಂಪು ನಿಲುವಂಗಿ ಎಂದೆ. ಆರೂವರೆ ಅಡಿಯ ಟ್ರಕ್ ಚಾಲಕನೊಬ್ಬ, ಅದು ತನ್ನ ಸೈಜಿಗೆ ಸಿಗುತ್ತದೆಯೇ ಎಂದು ಬಹಳ ಗಂಭೀರವಾಗಿ ಕೇಳಿದ. ನಗು ಗೋಡೆಗೆ ಬಡಿದು ಮರಳಿ ನನ್ನ ಮೇಲೇ ಬಿತ್ತು.

"ಬಟ್ಟಿ ಬ್ಯಾಡ್ರಿ ಅಕ್ಕಾರ," ಎಂದರು ಆಯೋಜಕರು. "ಬಟ್ಟಿ ಎಲ್ಲಾರ ಮನ್ಯಾಗೂ ಅದಾವ. ಕುಂದರ್ರಿ. ಆಟಾ ನೋಡ್ರಿ."

ಅವರೂ ಟ್ರಕ್ ಚಾಲಕನೂ ಒಂದೇ ಸೋಫಾದ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತರು, ಇಬ್ಬರ ಮುಂದೆಯೂ ಒಂದೊಂದು ಪರದೆ. ನಮ್ಮ ಆಟದಲ್ಲಿ ಪಕ್ಕದಲ್ಲೇ ಕೂತವರೂ ಸರ್ವರ್ ಮೂಲಕವೇ ಹೊಡೆದಾಡಬೇಕು. ಇಂಟರ್‌ನೆಟ್ ಇಲ್ಲದೆ ಆಡಲು ಬಿಟ್ಟರೆ ಅಂಗಡಿಯ ಬಾಗಿಲು ಕಣ್ಣಿಗೆ ಬೀಳುವುದಿಲ್ಲ ಎಂದು ಹಿಂದೊಮ್ಮೆ ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು. ಆ ಮೀಟಿಂಗಿನಲ್ಲಿ ನಾನೂ ಇದ್ದೆ, ಬಾಯಿ ಬಿಟ್ಟಿರಲಿಲ್ಲ.

ಪರದೆಯ ಮೂಲೆಯಲ್ಲಿ ಸಂಪರ್ಕ ತೋರಿಸುವ ಐದು ಗೆರೆಗಳು, ಐದೂ ಹಸಿರು. ಆಯೋಜಕರ ಬೆರಳು ಗುಂಡಿ ಒತ್ತಿತು. ನಾನು ಬೆರಳನ್ನೇ ನೋಡುತ್ತಿದ್ದೆ. ಬೆರಳು ಮೇಲೆದ್ದು, ಮುಂದಿನ ಗುಂಡಿಗೆ ಹೋದ ಮೇಲೆ ಪರದೆಯ ಮೇಲಿನ ಮನುಷ್ಯ ಕಾಲೆತ್ತಿದ. ಅಷ್ಟರೊಳಗೆ ಅವನು ಒದೆಸಿಕೊಂಡು ಬಿದ್ದಾಗಿತ್ತು.

"ನೋಡಿದ್ರಿ?"

"ನೋಡಿದೆ ಸರ್."

"ನನ್ನ ವೈಫೈ ಏನ್ರಿ ಇದು?"

ಅವರು ರೂಟರ್‌ಗೆ ನೇರವಾಗಿ ತಂತಿ ಹಾಕಿದ್ದರು. ವೈಫೈ ಆ ಕೋಣೆಯಲ್ಲಿ ಬಳಕೆಯಲ್ಲೇ ಇರಲಿಲ್ಲ. ನಾನು ಲ್ಯಾಪ್‌ಟಾಪನ್ನು ಅದೇ ರೂಟರ್‌ಗೆ ಚುಚ್ಚಿ, ಆಟದ ಮಾತುಕತೆ ಎಲ್ಲಿಗೆ ಹೋಗಿ ಬರುತ್ತಿದೆ ಎಂದು ನೋಡತೊಡಗಿದೆ. ಹೊಡೆದಾಟ ನಡೆಯುವಾಗ ಬಂದ ವಿಳಾಸ ಶಿಕಾಗೋದ್ದಲ್ಲ, ಡಲ್ಲಾಸ್‌ನದು. ಎರಡು ಸಲ ನೋಡಿದೆ. ಒಂದೇ ಸೋಫಾದ ಮೇಲಿನ ಒದೆತ, ಸಾವಿರ ಮೈಲಿ ದೂರದ ಟೆಕ್ಸಸ್‌ಗೆ ಹೋಗಿ ಪಕ್ಕದವನಿಗೆ ತಗುಲುತ್ತಿತ್ತು. ಶಿಕಾಗೋ ಸರ್ವರ್ ಖಾಲಿ ಇದ್ದದ್ದು ಇಲ್ಲಿ ಆಡುವವರಿಲ್ಲ ಎಂದಲ್ಲ, ಆಡುವವರನ್ನು ನಾವೇ ಡಲ್ಲಾಸ್‌ಗೆ ಅಟ್ಟುತ್ತಿದ್ದೆವು ಎಂದು. ಆದರೆ ಯಾಕೆ? ಗೆರೆಗಳು ಹಸಿರೇ ಇವೆಯಲ್ಲ?

ಆಯೋಜಕರು ನನ್ನ ಬೆನ್ನ ಹಿಂದೆ ನಿಂತು ಗಿರ್ಮಿಟ್ ತಿನ್ನುತ್ತ ಹಂಗಿಸುವುದನ್ನು ನಿಲ್ಲಿಸಿರಲಿಲ್ಲ. "ಹೊಡ್ತಾ ತಡಾ ಆಗ್ತದ, ಸೋಲೂದೂ ತಡಾ ಆಗ್ತದ. ನಿಮ್ಮ ಅಂಗಡಿ ಮಾತ್ರ ಎಂದೂ ಲ್ಯಾಗ್ ಆಗೂದಿಲ್ಲ ನೋಡ್ರಿ ಅಕ್ಕಾರ. ಬಟನ್ ಒತ್ತೂದ ತಡಾ, ಕಾರ್ಡ್ ಕಟ್!"

ಈ ಮಾತನ್ನು ಅವರು ದೂರುಗಳಲ್ಲೂ ಬರೆದಿದ್ದರು. ಬೈಗುಳ ಎಂದು ಪ್ರತಿ ಸಲ ದಾಟಿ ಮುಂದೆ ಓದಿದ್ದೆ. ಈಗ ಕೈ ನಿಂತಿತು.

"ಸರ್, ಒಂದು ನಿಮಿಷ. ಅಂಗಡಿ ತೆಗೀರಿ."

"ನಾ ಏನೂ ಕೊಳ್ಳೂದಿಲ್ರಿ."

"ಕೊಳ್ಳಬೇಡಿ. ಸುಮ್ಮನೆ ತೆಗೀರಿ."

ತೆಗೆದರು. ಅಂಗಡಿಯ ವಿಳಾಸ ಅವರ ಮನೆಯಿಂದ ಹತ್ತು ಹದಿನೈದು ಮೈಲಿಯ ಒಳಗೇ ಇತ್ತು. ಆಟ ಶುರುವಾದಾಗ ಐದು ಹಸಿರು ಗೆರೆಗಳನ್ನು ಅಳೆಯುವುದೂ ಅದೇ ವಿಳಾಸದಿಂದ. ಮೊದಲೆಲ್ಲ ಪ್ರತಿ ಊರಿನಲ್ಲೂ ಅಂಗಡಿಯ ಯಂತ್ರ, ಹೊಡೆದಾಟದ ಯಂತ್ರ ಒಂದೇ ಕೋಣೆಯಲ್ಲಿದ್ದವು. ಒಂದನ್ನು ಅಳೆದರೆ ಇನ್ನೊಂದನ್ನು ಅಳೆದ ಹಾಗೆಯೇ. ಎಂಟು ತಿಂಗಳ ಹಿಂದೆ, ಕೊಳ್ಳುವವರು ಕಾಯಬಾರದೆಂದು ಅಂಗಡಿಯನ್ನು ಮಾತ್ರ ಎಲ್ಲರ ಮನೆ ಹತ್ತಿರಕ್ಕೆ ಸಾಗಿಸಿದೆವು. ಅಳತೆ ಅಂಗಡಿಯ ಜೊತೆಗೇ ಹೋಯಿತು. ಶಿಕಾಗೋ ಎಷ್ಟು ದೂರ ಎಂದು ಆಟ ಕೇಳಿದರೆ ಪಕ್ಕದ ಅಂಗಡಿ 'ಇಲ್ಲೇ' ಎನ್ನುತ್ತಿತ್ತು. ಡಲ್ಲಾಸ್ ಎಂದರೂ 'ಇಲ್ಲೇ'. ಎಲ್ಲವೂ ಇಲ್ಲೇ ಆದಾಗ ಆಟ ಪಟ್ಟಿಯ ಮೊದಲನೆಯದನ್ನು ಆರಿಸುತ್ತದೆ. ಆ ಪಟ್ಟಿಯನ್ನು ಯಾರೋ ಬಾಡಿಗೆ ಕಡಿಮೆ ಇರುವ ಕ್ರಮದಲ್ಲಿ ಜೋಡಿಸಿದ್ದರು, ಮೊದಲನೆಯದು ಡಲ್ಲಾಸ್. ಆಫೀಸಿನಲ್ಲಿ ನಾವು ಆಡುತ್ತಿದ್ದ ಪ್ರತಿಯಲ್ಲಿ 'ಶಿಕಾಗೋ' ಎಂದು ಮೊದಲೇ ಬರೆದಿಟ್ಟಿದ್ದೆವು. ಅಲ್ಲಿ ಬೆಣ್ಣೆ, ಇಲ್ಲಿ ಕೆಸರು.

ಇದನ್ನು ಸರಿ ಮಾಡಲು ಆಟದ ಹೊಸ ಪ್ರತಿಯೇ ಬೇಕು. ಒಂದು ವಾರ, ಹೆಚ್ಚೂ ಆಗಬಹುದು. ಮತ ಇದ್ದದ್ದು ಸಂಜೆ ಐದಕ್ಕೆ.

ಇನ್ನೊಂದು ದಾರಿಯಿತ್ತು. ಅಂಗಡಿ ಮೂರು ಸಲ ಉತ್ತರ ಕೊಡದಿದ್ದರೆ, ಆಟ ಹಳೆಯ ಪದ್ಧತಿಗೆ ಹೋಗಿ ಹೊಡೆದಾಟದ ಸರ್ವರ್‌ಗಳನ್ನೇ ನೇರವಾಗಿ ಕೇಳುತ್ತದೆ. ಅಂದರೆ ಹೊಡೆದಾಟ ಸರಿಯಾಗಬೇಕಾದರೆ ಅಂಗಡಿ ಮುಚ್ಚಬೇಕು. ಅವತ್ತು ಹೊಸ ಫೈಟರ್ ಮಾರಾಟಕ್ಕೆ ಬಂದ ಮೊದಲ ಶನಿವಾರ.

ಸೇವೆಗೆ ಧಕ್ಕೆಯಾದಾಗ, ಡ್ಯೂಟಿಯಲ್ಲಿರುವ ಎಂಜಿನಿಯರ್ ಯಾರನ್ನೂ ಕೇಳದೆ ಯಾವ ಭಾಗವನ್ನಾದರೂ ಎರಡು ಗಂಟೆ ನಿಲ್ಲಿಸಬಹುದು ಎಂಬ ನಿಯಮ ನಮ್ಮಲ್ಲಿದೆ. ಅದನ್ನೂ ಬರೆದವಳು ನಾನೇ. ಎಂದಾದರೂ ಬೆಂಕಿಗಿಂಕಿ ಬಿದ್ದರೆ ಇರಲಿ ಎಂದು. ಅಂಗಡಿಯ ಮೇಲೆ ಅದನ್ನು ಯಾರೂ ಪ್ರಯೋಗಿಸಿರಲಿಲ್ಲ. ಆ ವಾರ ಡ್ಯೂಟಿ ನನ್ನದು.

"ಏನ್ ಯೋಚನಿ ಮಾಡಾಕತ್ತೀರಿ?" ಎಂದರು ಆಯೋಜಕರು.

"ಅಂಗಡಿ ಮುಚ್ಚಿದರೆ ಏನೇನಾಗಬಹುದು ಅಂತ."

"ಏನಾಗ್ತದ್ರಿ?"

"ನನ್ನ ಕೆಲಸ ಹೋಗಬಹುದು."

ಅವರು ತಟ್ಟೆ ಕೆಳಗಿಟ್ಟರು. ಮೊದಲ ಬಾರಿಗೆ ಹಂಗಿಸಲಿಲ್ಲ. "ಮುಚ್ಚಲಿಲ್ಲಂದ್ರ?"

"ಆಗಲೂ ಹೋಗಬಹುದು."

"ಮತ್ತ?"

ಅರ್ಧ ದುಡ್ಡು ಕೊಟ್ಟ ಸ್ಥಿತಿಯಲ್ಲಿ ಯಾರೂ ಸಿಕ್ಕಿಹಾಕಿಕೊಳ್ಳಬಾರದು. ಹಾಗಾಗಿ ಮೊದಲು ಹೊಸ ಖರೀದಿಗಳನ್ನು ತಡೆದೆ, ನಡೆಯುತ್ತಿದ್ದವು ಮುಗಿಯುವವರೆಗೆ ಕಾದೆ. ಎಣಿಕೆ ಸೊನ್ನೆಗೆ ಬಂತು. ಎರಡು ಸಲ ನೋಡಿದೆ, ಮೂರನೆಯ ಸಲವೂ ನೋಡಿದೆ. ಕಾರಣದ ಕಾಲಮಿನಲ್ಲಿ 'ಹೊಡೆದಾಟದ ಸರ್ವರ್ ತಪ್ಪಾಗಿ ಆಯ್ಕೆಯಾಗುತ್ತಿದೆ' ಎಂದು ಬರೆದು, ಕೆಳಗೆ ಹೆಸರು ಹಾಕಿ, ಅಂಗಡಿ ಮುಚ್ಚಿದೆ.

ಹದಿನಾರು ಜನರೂ ಆಟ ನಿಲ್ಲಿಸಿ ಮತ್ತೆ ಶುರು ಮಾಡಿದರು. ಪರದೆಯ ಮೂಲೆಯಲ್ಲಿ ಐದು ಗೆರೆಯ ಜಾಗದಲ್ಲಿ ನಾಲ್ಕೇ ಬಂದವು. 'ಇನ್ನೂ ಕೆಡಿಸಿದಳು' ಎಂದು ಹಿಂದಿನಿಂದ ಯಾರೋ ಇಂಗ್ಲಿಷಿನಲ್ಲಿ ಗೊಣಗಿದರು. ಆಯೋಜಕರು ಗುಂಡಿ ಒತ್ತಿದರು. ಬೆರಳು ಮತ್ತು ಕಾಲು ಒಟ್ಟಿಗೆ ಎದ್ದವು.

ಟ್ರಕ್ ಚಾಲಕನ ಫೈಟರ್ ನೆಲಕ್ಕೆ ಬಿದ್ದ. ಆಮೇಲೆ ಚಾಲಕ ತನ್ನ ಕಂಟ್ರೋಲರನ್ನು ತಿರುಗಿಸಿ ಮುರುಗಿಸಿ ನೋಡಿ, ಎಂಟು ತಿಂಗಳಿಂದ ಸೋಲಿಗೆ ಒಂದು ನೆಪವಿತ್ತು, ಅದನ್ನೂ ಕಿತ್ತುಕೊಂಡಳು ಈ ಹೆಂಗಸು ಎಂದ.

ಲೀಗಿನ ಒಂದನೆಯ ಸುತ್ತು ಮುಗಿಯುವ ಮೊದಲೇ ಫೋನ್ ಬಂತು. ಪ್ರೊಡ್ಯೂಸರನ ಧ್ವನಿ ಇಡೀ ಬೇಸ್‌ಮೆಂಟಿಗೆ ಕೇಳುವಂತಿತ್ತು. ಅಂಗಡಿ ಮುಚ್ಚಲು ನೀನು ಯಾರು? ಇವತ್ತು ಯಾವ ದಿನ ಗೊತ್ತೇ? ಈಗಲೇ ತೆರೆ. ನಾನು ಡಲ್ಲಾಸ್ ಎಂದೆ, ಗೆರೆ ಎಂದೆ, ಅವನು ಕೇಳಿಸಿಕೊಳ್ಳಲಿಲ್ಲ. ಸಾಮಾನ್ಯವಾಗಿ ಆ ಧ್ವನಿಗೆ ನಾನು 'ಕ್ಷಮಿಸಿ' ಎಂಬ ಉತ್ತರ ಕೊಡುತ್ತೇನೆ. ಅವತ್ತು ಬಾಯಿಗೆ ಬಂದದ್ದು, "ನಿಯಮದ ಪ್ರಕಾರ ಇನ್ನೂ ಒಂದು ಗಂಟೆ ಇಪ್ಪತ್ತು ನಿಮಿಷ ಇದೆ." ಆ ಕಡೆ ಫೋನ್ ಇಟ್ಟ ಸದ್ದು. ಆಯೋಜಕರ ಹೆಂಡತಿ ಚಹಾ ತಂದು ನನ್ನ ಮುಂದಿಟ್ಟರು.

"ಕುಡೀರಿ ಅಕ್ಕಾ," ಎಂದರು ಆಕೆ. "ಇವ್ರ ಆಫೀಸ್‌ನ್ಯಾಗೂ ಹಿಂಗ ಒದರ್ತಾರ. ಮನಿಗೆ ಬಂದು ಇವ್ರು ನಿಮಗ ದೂರು ಬರೀತಾರ."

ಎರಡು ಗಂಟೆ ಮುಗಿದ ನಿಮಿಷಕ್ಕೆ ಸರಿಯಾಗಿ ಅಂಗಡಿ ತೆರೆದೆ. ಅಷ್ಟರಲ್ಲಿ ಲೀಗಿನ ಕೊನೆಯ ಪಂದ್ಯ ಮುಗಿದಿತ್ತು. ಐದಕ್ಕೆ ಮತ ಹಾಕಿದರು, ಕೈ ಎತ್ತಿ. ಆಟ ಸದ್ಯಕ್ಕೆ ಉಳಿಯಿತು. ಸರಿಪಡಿಸಿದ ಪ್ರತಿ ಬರಲು ಒಂದು ತಿಂಗಳ ಗಡುವು. ಎಲ್ಲರೂ ಶೂ ಹುಡುಕುತ್ತಿದ್ದಾಗ ಆಯೋಜಕರು ಹನ್ನೆರಡನೆಯ ದೂರನ್ನು ನನ್ನ ಕಣ್ಣ ಮುಂದೆಯೇ ಕಳಿಸಿದರು.

"ರಿಪೇರಿ ನೀವು ಮಾಡ್ತೀರಿ, ನನಗೀಗ ನಂಬಿಕಿ ಬಂದದ," ಎಂದರು. "ನಾ ಕೇಳೂದು ಒಂದ. ನಮ್ಮ ಲೈನಿನ್ಯಾಗ ದೂರಿಗೆ ಉತ್ತರಾ ಬರ್ದಾಂವ ತನ್ನ ಹೆಸರ ಹಾಕಬೇಕು. ಯಾಕ ಆತು, ಏನ ಮಾಡಿದ್ವಿ, ಕೆಳಗ ಒಂದು ಹೆಸರ. ಹನ್ನೊಂದ ಸಲ ಒಬ್ಬ ಮನಷಾನೂ ಬರೀಲಿಲ್ಲ ನನಗ."

"ನಾನು ಬರೀತೀನಿ ಸರ್. ಹೆಸರು ಹಾಕಿ."

"ಆತು. ಇದನ್ನ ಮರೀಬ್ಯಾಡ್ರಿ ಮತ್ತ."

"ಇಲ್ಲ ಇಲ್ಲ."

ಸೋಮವಾರದ ಮೀಟಿಂಗನ್ನು ವಿವರಿಸುವ ಆಸೆ ನನಗಿಲ್ಲ. ಪ್ರೊಡ್ಯೂಸರ್ ಒಂದು ಎಚ್ಚರಿಕೆ ಪತ್ರವನ್ನು ಸಿದ್ಧ ಮಾಡಿಕೊಂಡೇ ಬಂದಿದ್ದ, ನಾನು ಗ್ರಾಫ್ ಮಾಡಿಕೊಂಡು ಬಂದಿದ್ದೆ. ಮುಚ್ಚಿದ್ದ ಎರಡು ಗಂಟೆಗಳಲ್ಲಿ ಶಿಕಾಗೋ ಸರ್ವರ್ ಖಾಲಿಯಿಂದ ತುಂಬಿ, ಅಂಗಡಿ ತೆರೆದ ಮೇಲೆ ಮತ್ತೆ ಖಾಲಿಯಾಗಿತ್ತು. ಗ್ರಾಫಿನ ಗೆರೆ ನೆಟ್ಟಗೆ ಹತ್ತಿ ನೆಟ್ಟಗೆ ಇಳಿದಿತ್ತು. ಅದಕ್ಕೆ ವಿವರಣೆ ಬೇಕಿರಲಿಲ್ಲ. ಅವನು ಅದನ್ನು ಬಹಳ ಹೊತ್ತು ನೋಡಿ, ಆದರೂ ಎಚ್ಚರಿಕೆ ಪತ್ರವನ್ನು ಕೊಟ್ಟ. ಸರ್ವರ್ ಮುಚ್ಚುವ ಮಾತು ಮತ್ತೆ ಎತ್ತಲಿಲ್ಲ.

ಡೆಟ್ರಾಯ್ಟ್‌ನಿಂದ ಬಂದ ಮೇಲಿನ ಒಂಬತ್ತು ದಿನ ಅಳತೆಯನ್ನು ಅಂಗಡಿಯಿಂದ ಬಿಡಿಸುವುದರಲ್ಲಿ ಹೋದವು. ನಡುನಡುವೆ ಆಯೋಜಕರಿಗೆ ಉತ್ತರ ಬರೆಯಲು ಕೂತೆ. 'ನಾವು' ಎಂದು ಬರೆದೆ. ಹೊಣೆ ಜಾರಿಸಿದ ಹಾಗೆ ಕಂಡಿತು. 'ನಾನು' ಎಂದು ತಿದ್ದಿದೆ; ನಾಳೆ ಕಂಪನಿಯ ವಕೀಲರು ಓದಿದರೆ ಎಂದು ಹೆದರಿಕೆಯಾಯಿತು. ತೀರಾ ಉದ್ದವಾಯಿತೇ, ತೀರಾ ಗಿಡ್ಡವೇ, ಗಿರ್ಮಿಟ್ ಚೆನ್ನಾಗಿತ್ತು ಎನ್ನುವುದು ಇಂಥ ಪತ್ರದಲ್ಲಿ ಸರಿಯೇ? ಏಳು ಕರಡುಗಳಾದವು. ಏಳೂ ಡ್ರಾಫ್ಟಿನಲ್ಲೇ ಉಳಿದವು. ಹತ್ತನೆಯ ದಿನ ಬೆಳಗ್ಗೆ ಹೊಸ ಪ್ರತಿ ಹೊರಟಿತು, ಮಧ್ಯಾಹ್ನದ ಹೊತ್ತಿಗೆ ಶಿಕಾಗೋ ಸರ್ವರ್ ತುಂಬಿ ತುಳುಕುತ್ತಿತ್ತು, ಅಂಗಡಿಯೂ ನಡೆಯುತ್ತಿತ್ತು. ಗ್ಯಾರೇಜಿನಲ್ಲಿ ನಿಂತು ಮಾಡಿದ್ದ ಪಟ್ಟಿಯಲ್ಲಿ ಒಂದೂ ಆಗಿರಲಿಲ್ಲ. ಸಾಕ್ಸಿನಲ್ಲಿ ತೂತು ಕೂಡ ಇರಲಿಲ್ಲ.

ರಾತ್ರಿ ಆಯೋಜಕರಿಂದ ಒಂದು ಫೋಟೊ ಬಂತು. ಬೇಸ್‌ಮೆಂಟಿನ ಗೋಡೆ. ಅದರ ಮೇಲೆ ಸಾಲಾಗಿ ಅಂಟಿಸಿದ ಹನ್ನೆರಡು ಕಾಗದಗಳು. ಕೊನೆಯದು, ನನ್ನ ಹತ್ತು ದಿನದ ನಿಯಮ ಹನ್ನೆರಡನೆಯ ದೂರನ್ನು ಮುಚ್ಚಿ ಅವತ್ತು ಸಂಜೆ ಕಳಿಸಿದ್ದು: 'ನಿಮ್ಮಿಂದ ಪ್ರತಿಕ್ರಿಯೆ ಬಾರದ ಕಾರಣ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸುತ್ತೇವೆ. ಇಂತಿ, ಗ್ರಾಹಕ ಸೇವಾ ತಂಡ.' ಕೊನೆಯ ಮೂರು ಪದಗಳ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ವೃತ್ತ.

ಕೆಳಗೆ ಅವರು ಬರೆದಿದ್ದರು: 'ಸರ್ವರ್ ಛಲೋ ಆಗ್ಯಾವ ಅಕ್ಕಾರ. ಹೆಸರ ಎಲ್ಲದ?'